ಆರನೆಯ ಹಾಡಿನ ಮಾತುಗಳು

ಫೆಬ್ರವರಿ 11, 2019. ಸೋಮವಾರ

ಮೂವತ್ತೆಂಟು ವರ್ಷ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತು ದಪ್ಪ ರಿಜಿಸ್ಟರುಗಳನ್ನು ತುಂಬಿಸಿದವನು ನಾನು. ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು, ಅಷ್ಟೇ. ನನ್ನ ವಿಷಯ ಎಂದೂ ಬರೆದವನಲ್ಲ. ಎಪ್ಪತ್ತೊಂದಕ್ಕೆ ಈಗ ಶುರುಮಾಡುತ್ತಿರುವುದು ಲುದ್ವಿಕಾಳ ಕಿವಿಯ ದೆಸೆಯಿಂದ. ಹೋದ ಅಕ್ಟೋಬರಿನಲ್ಲಿ ಅವಳ ಬಲಗಿವಿಯೂ ಹೋಯಿತು. ಕಿವಿಗೆ ಹಾಕುವ ಯಂತ್ರ ಕೆಟಲ್ಲಿನಂತೆ ಸಿಳ್ಳೆ ಹೊಡೆಯುತ್ತದೆಯೇ ಹೊರತು ಮಾತು ಮುಟ್ಟಿಸುವುದಿಲ್ಲ. ಎದುರಿಗೆ ಕೂತು, ಬಾಯಿ ಕಾಣುವಂತೆ ಒಂದೊಂದೇ ಪದ ಕೂಗಿದರೆ ಅರ್ಧ ತಿಳಿಯುತ್ತದೆ. ಸೂಪಿಗೆ ಉಪ್ಪು ಕಡಿಮೆ ಎಂದು ಕೂಗಬಹುದು. ಹೆಂಡತಿಗೆ ಹೇಳಬೇಕಾದದ್ದನ್ನೆಲ್ಲ ಕೂಗುವುದಕ್ಕಾಗುತ್ತದೆಯೇ? ಮಿಕ್ಕಿದ್ದು ಇಲ್ಲಿರಲಿ.

ಇವತ್ತು ಝೆಮೆಕ್ ಬಂದಿದ್ದ. ಊರಲ್ಲಿ ಕಟ್ಟುಹಲ್ಲು ಮಾಡುವವನು. ನಮ್ಮಿಬ್ಬರ ಬಾಯಲ್ಲಿರುವುದೂ ಅವನದೇ ಕೈಕೆಲಸ. ಇಪ್ಪತ್ಮೂರು ವರ್ಷದ ಕೆಳಗೆ ಲುದ್ವಿಕಾಳ ಮಗ ವಿತೆಕ್‌ನ ಜೊತೆ ಬ್ಲ್ಯಾಕ್ ಮೆಟಲ್ ಅಂತ, ಮುಖಕ್ಕೆ ಮಸಿ ಬಳಿದುಕೊಂಡು ಸೈತಾನನನ್ನು ಕರೆಯುವ ಗದ್ದಲ ಎಬ್ಬಿಸುತ್ತಿದ್ದವನೂ ಇವನೇ. ಮೂವರಿದ್ದರು. ಡ್ರಮ್ಮು ಬಡಿಯುತ್ತಿದ್ದವನು ಈಗ ಐರ್ಲೆಂಡಿನಲ್ಲಿ ಲಾರಿ ಓಡಿಸುತ್ತಾನೆ. ತಂಡಕ್ಕೆ 'ಗೊವೊಲೆಜ್' ಅಂತ ಹೆಸರು. ರಸ್ತೆಯ ಮೇಲೆ ಕಣ್ಣಿಗೆ ಕಾಣದ ಹಾಗೆ ಕೂತು ಜನರನ್ನು ಬೀಳಿಸುವ ಮಂಜುಗಡ್ಡೆಯ ಪೊರೆ. ಎರಡೂವರೆ ವರ್ಷ ಇತ್ತು, ಒಂದೇ ಒಂದು ಕ್ಯಾಸೆಟ್ಟು ಮಾಡಿತು, ಮುಗಿಯಿತು. ತೊಂಬತ್ತೆಂಟರಲ್ಲಿ ವ್ರೊತ್ಸ್ವಾಫ್ ರಸ್ತೆಯಲ್ಲಿ ವಿತೆಕ್‌ನ ಬೈಕಿಗೆ ಲಾರಿ ಬಡಿಯಿತು. ಸಾಯುವಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ.

ಝೆಮೆಕ್ ಎಂದಿನಂತೆ ಮರ್ಯಾದೆಗೆ 'ಪಾನಿ' ಸೇರಿಸಿ, ಅವಳ ಮುಖದೆದುರು ಬಾಯಿ ಅಗಲಿಸಿ ಕೂಗಿದ: "ಪಾನಿ ಲುದ್ವಿಕಾ! ಕ್ರಾಕುಫ್‌ನ ರೆಕಾರ್ಡ್ ಕಂಪನಿಯವ್ರು ನಮ್ಮ ಕ್ಯಾಸೆಟ್ಟನ್ನ ಮತ್ತೆ ತರ್ತಾರಂತೆ! ದೊಡ್ಡ ಕಪ್ಪು ತಟ್ಟೆ ಮಾಡಿ!"

"ಯಾರು ತಟ್ಟೆ ತರ್ತಾರೆ? ನಮ್ಮನೇಲಿ ತಟ್ಟೆ ಇದೆಯಲ್ಲ."

ಕೊನೆಗೆ ಕಾಗದದ ಮೇಲೆ ಬರೆದು ತೋರಿಸಿದ. ಅವಳು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಂದು ಸಲ ಓದಿದಳು. ಹಾಡಿನ ಮಾತುಗಳನ್ನು ಅಚ್ಚು ಹಾಕಬೇಕಂತೆ. ಏಪ್ರಿಲ್ ಮೊದಲ ವಾರದೊಳಗೆ ಕೊಡಬೇಕಂತೆ. ಮಾತು ಯಾರ ಹತ್ತಿರವೂ ಇಲ್ಲ.

"ಪಕ್ಕದಲ್ಲೇ ನಿಂತಿದ್ಯಲ್ಲೋ ನೀನು," ಎಂದೆ.

"ನಿಂತಿದ್ದೆ ಪಾನ್ ಬ್ರೊನೆಕ್. ಅವನು ಕಿರುಚೋದು, ನಾನು ತಂತಿ ಕೆರೆಯೋದು. ಏನ್ ಕಿರುಚ್ತಿದೀಯಪ್ಪಾ ಅಂತ ಒಂದಿನಾನೂ ಕೇಳ್ಲಿಲ್ಲ. ನಾಚ್ಕೆಗೇಡು."

"ಎಲ್ಲ ಆ ನೀಲಿ ನೋಟ್‌ಬುಕ್ಕಲ್ಲಿತ್ತು," ಅಂದಳು ಲುದ್ವಿಕಾ. "ಪ್ರವಾಹದಲ್ಲಿ ಹೋಯ್ತು. ಅಲ್ವಾ ಬ್ರೊನೆಕ್?"

ತಲೆಯಾಡಿಸಿದೆ. ತೊಂಬತ್ತೇಳರ ಜುಲೈಯಲ್ಲಿ ನಿಸಾ ನದಿ ನಮ್ಮ ನೆಲಮಹಡಿಯ ಮನೆಯೊಳಗೆ ಎದೆಮಟ್ಟ ನಿಂತಿತ್ತು. ಬಹಳ ಸಾಮಾನು ಹೋಯಿತು ಆ ವರ್ಷ.

"ಬ್ರೊನೆಕ್ ಕೇಳಿ ಬರೀಲಿ," ಅಂದಳು. "ಇವನದು ರೈಲ್ವೆ ಕಿವಿ. ಎರಡು ಕಿಲೋಮೀಟರ್ ಆಚೆ ಗಾಡಿ ಬರ್ತಿದ್ರೆ ಸದ್ದಲ್ಲೇ ಯಾವ್ದು ಅಂತ ಹೇಳ್ತಿದ್ದ."

"ಅದು ಗಾಡಿ ಕಣೇ!" ಎಂದು ಕೂಗಿದೆ.

"ಇದು ನನ್ನ ಮಗ," ಅಂದಳು. ಮೆಲ್ಲಗೇ ಅಂದಳು.


ಫೆಬ್ರವರಿ 13, ಬುಧವಾರ

ಝೆಮೆಕ್ ಒಂದು ಸಣ್ಣ ಪ್ಲೇಯರ್, ಕಿವಿ ಮುಚ್ಚುವ ಹೆಡ್‌ಫೋನು ಕೊಟ್ಟು ಹೋಗಿದ್ದಾನೆ. ಏಳು ಹಾಡು, ನಲವತ್ತೊಂದು ನಿಮಿಷ. ಸಂಸ್ಕೃತಿ ಭವನದ ಬಾಯ್ಲರ್ ಕೋಣೆಯಲ್ಲಿ ಐದು ದಿನದಲ್ಲಿ ರೆಕಾರ್ಡು ಮಾಡಿದ್ದಂತೆ. ಬಾಯ್ಲರೂ ಹಾಡಿದೆಯೋ ಏನೋ. ಚಿಮಣಿ ಕೊಳವೆಯಲ್ಲಿ ಬೆಕ್ಕೊಂದು ಸಿಕ್ಕಿಕೊಂಡು ಹೊರಗಡೆ ಆಲಿಕಲ್ಲು ಸುರಿದ ಹಾಗಿದೆ. ಒಂದು ಹಾಡು ಮುಗಿಸಿ ತೆಗೆದಿಟ್ಟೆ.

ಲುದ್ವಿಕಾ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂತಾನೆ?"

ಕೈ ಆಡಿಸಿದೆ, ಏನೂ ಇಲ್ಲ ಅಂತ.

"ನೀನು ಅವನ ಮಾತು ಯಾವತ್ತು ಕೇಳ್ದೆ ಹೇಳು," ಅಂದು ಎದ್ದು ಹೋದಳು.


ಫೆಬ್ರವರಿ 15, ಶುಕ್ರವಾರ

ಒಂದು ಪದ ಸಿಕ್ಕಿತು. ರ್ಜಾ. ತುಕ್ಕು.

ಸಿಕ್ಕಿದ್ದು ಹೇಗೆಂದರೆ, ಅವನಿಗೆ 'ರ' ಬರುತ್ತಿರಲಿಲ್ಲ. ನಾನು ಲುದ್ವಿಕಾಳನ್ನು ಮದುವೆಯಾದಾಗ ಒಂಬತ್ತು ವರ್ಷದ ಹುಡುಗ. ಹೆತ್ತಪ್ಪ ಜರ್ಮನಿಗೆ ಹೋದವನು ಈ ಕಡೆ ತಿರುಗಿ ನೋಡಿರಲಿಲ್ಲ. 'ರ' ಅನ್ನಬೇಕಾದಲ್ಲಿ ಗಂಟಲಲ್ಲಿ ನೀರು ಮುಕ್ಕಳಿಸಿದ ಹಾಗೆ ಮಾಡುತ್ತಿದ್ದ. ಶಾಲೆಯಲ್ಲಿ ಹುಡುಗರು ಆಡಿಕೊಳ್ಳುತ್ತಿದ್ದರು ಅಂತ 'ರ' ಇರುವ ಪದಗಳನ್ನೇ ಬಿಟ್ಟು ಮಾತಾಡುವುದು ಕಲಿತಿದ್ದ. ನನ್ನ ಹೆಸರಲ್ಲೂ ಅದೇ ಅಕ್ಷರ. ಹಾಡಿನಲ್ಲಿ ಮಾತ್ರ ಬಿಟ್ಟಿಲ್ಲ. ಅಷ್ಟೊಂದು ಕಿರುಚಾಟದ ನಡುವೆ ಅದೇ ಮುಕ್ಕಳಿಸುವ ಸದ್ದು.

ಹಿಂದಕ್ಕೆ ಹೋಗಿ ಅದೊಂದು ಪದವನ್ನೇ ಮತ್ತೆ ಕೇಳಿದೆ.


ಫೆಬ್ರವರಿ 20, ಬುಧವಾರ

ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಒಂದು ಸಾಲನ್ನು ನಲವತ್ತು ಐವತ್ತು ಸಲ ಹಿಂದೆ ಮುಂದೆ ಮಾಡಿ ಕೇಳುವುದು. ತಿಳಿದ ಪದ ಪೆನ್ನಿನಲ್ಲಿ, ಅನುಮಾನದ್ದು ಪೆನ್ಸಿಲ್ಲಿನಲ್ಲಿ. ಬೆಳಗಿನ ತಿಂಡಿಯಾದ ಮೇಲೆ ಎರಡು ಗಂಟೆ, ಮಧ್ಯಾಹ್ನ ಒಂದು ಗಂಟೆ. ಹಾಳೆ ತುಂಬಿದ ಮೇಲೆ ಲುದ್ವಿಕಾಳ ಮುಂದಿಡುತ್ತೇನೆ. ಮೊದಲ ಹಾಡು ಮುಗಿಯಿತು.

*ತುಕ್ಕು ಹಿಡಿದ ಹಳಿಯ ಮೇಲೆ ಹಿಮ ಕೂತಿದೆ,*
*ಯಾರೂ ಇಳಿಯದ ನಿಲ್ದಾಣದಲ್ಲಿ ಹಿಮವೊಂದೇ ಇಳಿಯಿತು.*

ನಾನು ಪುಟ ತುಂಬ ಸೈತಾನ ಇರುತ್ತಾನೆಂದುಕೊಂಡಿದ್ದೆ. ಎರಡನೆಯ ಹಾಡಿನಲ್ಲಿ ಎರಡು ಸಲ ಬರುತ್ತಾನೆ, ಅದೂ ಕಾಟಾಚಾರಕ್ಕೆ, ಕರೆಯದೆ ಬಂದ ನೆಂಟನ ಹಾಗೆ ಬಾಗಿಲ ಹತ್ತಿರವೇ ನಿಂತು ಹೋಗುತ್ತಾನೆ.

ಮೂರನೆಯದರಲ್ಲಿ ಇವತ್ತು 'ನೆಲದ ಕೆಳಗೆ ಕತ್ತಲಲ್ಲಿ ರಾಜರು ಕಣ್ಣು ಬಿಡುತ್ತಾರೆ' ಎಂದು ಬರೆದುಕೊಟ್ಟೆ. ನನಗೇ ಬಹಳ ಚೆನ್ನಾಗಿದೆ ಅನ್ನಿಸಿತ್ತು. ಅವಳು ಓದಿ ನಗತೊಡಗಿದಳು.

"ರಾಜರಲ್ಲ ಮುದುಕಾ, ಆಲೂಗಡ್ಡೆ! ಪೊಲಾನಿತ್ಸಾದಲ್ಲಿ ನಮ್ಮಮ್ಮನ ಮನೆ ನೆಲಮಾಳಿಗೆ. ಚಳಿಗಾಲದ ಕೊನೇಲಿ ಆಲೂಗಡ್ಡೆ ಬಿಳೀ ಮೊಳಕೆ ಬಿಡ್ತಿತ್ತು. ಅಮ್ಮಾ, ಇವು ಕಣ್ಣು ಬಿಡ್ತಿವೆ ಅಂತ ಓಡಿ ಬಂದು ನನ್ನ ಲಂಗದ ಹಿಂದೆ ಅಡಗಿಕೊಂಡಿದ್ದ."

ಮತ್ತೆ ಕೇಳಿದೆ. ಆಲೂಗಡ್ಡೆಯೇ. ಕಿವಿ ಕೇಳದವಳು ಕಿವಿ ಇರುವವನನ್ನು ತಿದ್ದಿದಳು. ಆಮೇಲೆ ಕತ್ತಲಾಗುವವರೆಗೂ ಆ ನೆಲಮಾಳಿಗೆಯ ಬಗ್ಗೆ, ಅವಳಮ್ಮನ ಬಗ್ಗೆ, ವಿತೆಕ್ ಮುಖಕ್ಕೆ ಬಳಿದುಕೊಳ್ಳಲು ಅವಳ ಡಬ್ಬಿಯಿಂದ ಹಿಟ್ಟು ಕದಿಯುತ್ತಿದ್ದುದರ ಬಗ್ಗೆ ಹೇಳುತ್ತಲೇ ಇದ್ದಳು. ಕೂಗುವ ಅಗತ್ಯವೇ ಇರಲಿಲ್ಲ. ನಾನು ಕೇಳುವವನಷ್ಟೇ ಆಗಿದ್ದೆ.


ಫೆಬ್ರವರಿ 28, ಗುರುವಾರ

ಉಪವಾಸದ ದಿನಗಳು ಶುರುವಾಗುವ ಮುಂಚಿನ ಕೊಬ್ಬಿನ ಗುರುವಾರ. ಲುದ್ವಿಕಾ ಗುಲಾಬಿ ಜಾಮ್ ತುಂಬಿದ ಪೊಂಚ್ಕಿ ಕರಿದಳು. ಇಪ್ಪತ್ತು ಮಾಡಿದ್ದಳು. ಝೆಮೆಕ್ ಒಬ್ಬನೇ ಐದು ಮುಗಿಸಿದ. ಹಲ್ಲಿಗೆ ಸಕ್ಕರೆ ಕೆಟ್ಟದ್ದಲ್ಲವೇನೋ ಅಂದರೆ, "ನನ್ನ ಗಿರಾಕಿಗಳಿಗೆ ತುಂಬ ಒಳ್ಳೇದು" ಅಂದ.

ನಾಲ್ಕು ಹಾಡಿನ ಹಾಳೆಗಳನ್ನು ಓದುತ್ತ ಓದುತ್ತ ಅವನ ಬಾಯಿ ನಿಂತಿತು. "ಇದನ್ನ ಅವನು ನನ್ನ ಕಿವಿ ಪಕ್ಕದಲ್ಲೇ ಹಾಡ್ತಿದ್ನಾ? ನಾನು ಯಾವನೋ ದೆವ್ವದ ಕಥೆ ಅಂದ್ಕೊಂಡಿದ್ದೆ." ಬೆರಳ ಸಕ್ಕರೆಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಎರಡನೇ ಕ್ಯಾಸೆಟ್ಟಿಗೆ ಒಂಬತ್ತು ಹಾಡು ರೆಡಿ ಇಟ್ಟಿದ್ದ ಗೊತ್ತಾ? ಎಲ್ಲ ಆ ನೋಟ್‌ಬುಕ್ಕಲ್ಲೇ. ಅದು ಹೋದ್ಮೇಲೆ ಒಂದು ಸಾಲೂ ಬರೀಲಿಲ್ಲ. ಇನ್ನೊಂದ್ಸಲ ಬರಿ ಮಾರಾಯ ಅಂದ್ರೆ, ಒಂದೇ ಹಲ್ಲು ಎರಡು ಸಲ ಕೀಳಕ್ಕಾಗಲ್ಲ ಅಂದ. ತಂಡ ಮುರಿದಿದ್ದೂ ಅದ್ರಿಂದ್ಲೇ. ಲಾರಿ ಬಂದಿದ್ದು ಆಮೇಲೆ."

ಹಾಳೆಗಳನ್ನು ಒಟ್ಟುಮಾಡಿ ಅಂಚು ಸರಿಮಾಡಿದೆ.

"ಆದ್ರೆ ಒಂದು ತಮಾಷೆ," ಅಂದ. "ನೋಟ್‌ಬುಕ್ಕು ಹೋಯ್ತು ಅಂತ ಅವನು ನನಗೆ ಹೇಳಿದ್ದು ಚಳೀಲಿ. ನಾನಿನ್ನೂ ಕೋಟು ಬಿಚ್ಚಿರ್ಲಿಲ್ಲ. ಮಾರ್ಚಿರ್ಬೇಕು. ಪ್ರವಾಹ ಬಂದಿದ್ದು ಜುಲೈಯಲ್ಲಿ ಅಲ್ವಾ?"

ಲುದ್ವಿಕಾ ನಮಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದಳು. ಎಣ್ಣೆಯ ಸದ್ದೂ ಅವಳಿಗೆ ಕೇಳುವುದಿಲ್ಲ.

"ಇಪ್ಪತ್ತು ವರ್ಷದ ಮೇಲಾಯ್ತು. ತಿಂಗಳು ಯಾರಿಗೆ ನೆನಪಿರತ್ತೆ," ಎಂದೆ.

"ಅದೂ ಸರೀನೇ," ಅಂದು ಆರನೆಯದಕ್ಕೆ ಕೈ ಹಾಕಿದ.


ಮಾರ್ಚ್ 3, ಭಾನುವಾರ

ಕೇಳಲಿಲ್ಲ. ಕಿವಿ ನೋವು ಎಂದು ಲುದ್ವಿಕಾಳಿಗೆ ಸನ್ನೆ ಮಾಡಿದೆ. ಬೆಚ್ಚಗಿನ ಉಪ್ಪಿನ ಗಂಟು ಮಾಡಿಕೊಟ್ಟಳು. ಇಡೀ ದಿನ ಅದನ್ನು ಕಿವಿಗೊತ್ತಿಕೊಂಡು ಕೂತಿದ್ದೆ, ನೋವಿಲ್ಲದ ಕಿವಿಗೆ.


ಮಾರ್ಚ್ 8, ಶುಕ್ರವಾರ

ಹೆಂಗಸರ ದಿನ. ಟ್ಯುಲಿಪ್ ತಂದೆ, ಪ್ರತಿ ವರ್ಷದಂತೆ ಐದು.

ಐದನೆಯ ಹಾಡು ಮುಗಿದು ನಿನ್ನೆಯಿಂದ ಆರನೆಯದು. ಇದರಲ್ಲಿ ಗಿಟಾರು ಮಂದ, ಮಾತು ಸ್ಪಷ್ಟ. ಬೇಡವೆಂದರೂ ಕೇಳುವಷ್ಟು ಸ್ಪಷ್ಟ.

*ಸಿಗ್ನಲ್ ಮನೆಯ ಮನುಷ್ಯ ಕೈ ಎತ್ತಿದರೆ ಗಾಡಿ ನಿಲ್ಲುತ್ತದೆ.*
*ಅವನು ನಮ್ಮ ಮನೆಗೆ ಬಂದ, ನನ್ನ ತಾಯಿಯ ನಗು ನಿಂತಿತು.*
*ಗಡಿಯಾರಕ್ಕೆ ಕೀಲಿ ಕೊಡುತ್ತಾನೆ,*
*ನನ್ನ ಬೆನ್ನಿನಲ್ಲೂ ಕೀಲಿಯ ತೂತು ಹುಡುಕುತ್ತಾನೆ.*

ಇಲ್ಲಿಗೆ ನಿಲ್ಲಿಸಿದೆ. ಇನ್ನೂ ಎರಡು ನಿಮಿಷ ಹಾಡು ಬಾಕಿಯಿತ್ತು.

ಲುದ್ವಿಕಾಳಿಗೆ ಬೇರೆ ಹಾಳೆ ಬರೆದುಕೊಟ್ಟೆ: *ಸಿಗ್ನಲ್ ಮನೆಯ ದೀಪ ಹೊತ್ತಿದರೆ ಗಾಡಿ ಬರುತ್ತದೆ, ಗಾಡಿ ಬಂದರೆ ನನ್ನ ತಾಯಿ ನಗುತ್ತಾಳೆ.* ಹೂವಿನ ದಿನ, ಹೂವಿನಂಥ ಮಾತು ಅಂದುಕೊಂಡೆ.

ಓದಿದಳು. ಹಾಳೆಯನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದಳು.

"ಇದು ವಿತೆಕ್ ಅಲ್ಲ. ಇದು ಪಾದ್ರಿಗಳು ಹಂಚೋ ಕ್ಯಾಲೆಂಡರಿನ ಪದ್ಯ. ಇನ್ನೊಂದ್ಸಲ ಕೇಳು."


ಮಾರ್ಚ್ 10, ಭಾನುವಾರ

ಈ ಪುಸ್ತಕದಲ್ಲೂ ಬರೆಯದಿದ್ದರೆ ಇದನ್ನು ಇಟ್ಟುಕೊಂಡಿದ್ದಾದರೂ ಯಾಕೆ?

ತೊಂಬತ್ತೇಳರ ಮಾರ್ಚ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಮನೆಗೆ ಬಂದೆ. ಅವತ್ತು ಮಧ್ಯಾಹ್ನ ಕ್ಯಾಬಿನ್ನಿಗೆ ದೊಡ್ಡ ಸಾಹೇಬರ ತಪಾಸಣೆ. ಬೂಟಿಗೆ ಪಾಲಿಶ್ ಹಾಕಬೇಕೆಂದು ನೋಡಿದರೆ ಡಬ್ಬಿ ಖಾಲಿ. ವಿತೆಕ್ ಮುಖಕ್ಕೆ ಬಳಿದುಕೊಂಡಿದ್ದ. ಕಣ್ಣ ಸುತ್ತ ಇನ್ನೂ ಕಪ್ಪು ಇತ್ತು. ಅಡಿಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ಕು ಬಿಚ್ಚಿಟ್ಟುಕೊಂಡು ಏನೋ ಬರೆಯುತ್ತಿದ್ದ. ಲುದ್ವಿಕಾ ಬ್ರೆಡ್ಡು ತರಲು ಹೋಗಿದ್ದಳು. ಜಗಳ ಶುರುವಾದದ್ದು ಪಾಲಿಶ್‌ನಿಂದ. ಗಂಡಸಾಗಿ ಮುಖಕ್ಕೆ ಮಸಿ ಹಚ್ಕೊಂಡು ಕಿರುಚ್ತೀಯಲ್ಲ, ದುಡಿಯೋದು ಯಾವಾಗ ಅಂದೆ. ಇನ್ನೂ ಏನೇನೋ ಅಂದೆ. ಅವನು ದನಿ ಏರಿಸಲಿಲ್ಲ.

"ನಿಮ್ಮ ಟೈಮ್ ಟೇಬಲ್ಲಲ್ಲಿ ನನ್ನ ಗಾಡಿ ಇಲ್ಲ ಪಾನ್ ಬ್ರೊನೆಕ್. ಬಿಟ್ಬಿಡಿ," ಅಂದ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು, ಕರೆಯಲೇಬೇಕಾದಾಗಲೂ ಅಪ್ಪ ಎನ್ನದೆ ನನ್ನನ್ನು ಪಾನ್ ಬ್ರೊನೆಕ್ ಎಂದೇ ಕರೆದ, ಪ್ಲಾಟ್‌ಫಾರಂ ಯಾವುದೆಂದು ಕೇಳುವ ಪ್ರಯಾಣಿಕನ ಹಾಗೆ.

ನೋಟ್‌ಬುಕ್ಕು ಎಳೆದುಕೊಂಡೆ. ಒಂದು ಪುಟ ಕಣ್ಣಿಗೆ ಬಿತ್ತು. ಒಲೆಯ ಬಾಗಿಲು ತೆಗೆದು ಒಳಗೆ ಹಾಕಿದೆ.

ಅವನು ತೆಗೆಯಲು ಬರಲಿಲ್ಲ. ನೀಲಿ ರಟ್ಟು ಸುರುಟಿಕೊಳ್ಳುವವರೆಗೂ ನಿಂತು ನೋಡಿದ. ಆಮೇಲೆ ಬೂಟು ಹಾಕಿಕೊಂಡು ಹೊರಗೆ ಹೋದ. ಅಮ್ಮನಿಗೆ ಹೇಳುತ್ತಾನೆಂದು ಅವತ್ತು ಕಾದೆ, ಮರುದಿನ ಕಾದೆ, ನಾಲ್ಕು ತಿಂಗಳು ಕಾದೆ. ಜುಲೈಯಲ್ಲಿ ನೀರು ಇಳಿದ ಮೇಲೆ ಮೂವರೂ ಸಲಿಕೆ ಹಿಡಿದು ಮನೆಯ ಕೆಸರು ತೆಗೆಯುತ್ತಿದ್ದೆವು. ಲುದ್ವಿಕಾ ಅವನ ಕಪಾಟಿನ ಮುಂದೆ ನಿಂತು, ಅಯ್ಯೋ ನಿನ್ನ ನೋಟ್‌ಬುಕ್ಕು ಎಂದು ಅಳತೊಡಗಿದಳು. ಅವನು ಸಲಿಕೆಯಿಂದ ಕಣ್ಣೆತ್ತದೆ ಹೇಳಿದ: "ನೀರು ಪಾಲಾಯ್ತು ಬಿಡಮ್ಮ."

ಆ ಸುಳ್ಳು ನಾನು ಹೇಳಿದ್ದಲ್ಲ. ವಿತೆಕ್ ಹೇಳಿದ್ದು. ಇಪ್ಪತ್ತೆರಡು ವರ್ಷದಿಂದ ಅದರ ಕೆಳಗೆ ನಾನು ವಾಸವಾಗಿದ್ದೇನೆ. ಯಾಕೆ ಹೇಳಿದನೋ ಕೇಳಲಿಲ್ಲ. ಕೇಳಲು ಒಂದು ವರ್ಷದ ಮೇಲೆ ಸಮಯವಿತ್ತು.


ಮಾರ್ಚ್ 14, ಗುರುವಾರ

ಆರನೆಯದರ ಉಳಿದ ಎರಡು ನಿಮಿಷ ಇವತ್ತು ಕೇಳಿ ಮುಗಿಸಿದೆ. ಗಿಟಾರು ಪೂರ್ತಿ ನಿಂತು ಬಾಯ್ಲರಿನ ಗುಂಯ್ ಸದ್ದು ಮಾತ್ರ ಉಳಿಯುತ್ತದೆ. ಕಿರುಚುವುದಿಲ್ಲ, ಪಿಸುಗುಟ್ಟುತ್ತಾನೆ. ಅದಕ್ಕೇ ಕಷ್ಟವಾಯಿತು. ಮೂರು ದಿನ ಹಿಡಿಯಿತು.

*ಪಾಳಿ ಮುಗಿಸಿ ಬೆಳಕು ಹರಿವಾಗ ಬರುತ್ತಾನೆ.*
*ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತೇನೆ.*
*ಜಾರಿದ ನನ್ನ ಹೊದಿಕೆ ಎಳೆದು ಸರಿಮಾಡುತ್ತಾನೆ.*
*ಇದನ್ನೂ ನಾನು ಅವನಿಗೆ ಕ್ಷಮಿಸುವುದಿಲ್ಲ.*

ಹೊದಿಕೆ ಸರಿಮಾಡುತ್ತಿದ್ದೆನೇ? ಮಾಡುತ್ತಿದ್ದೆನಿರಬೇಕು. ಅವನ ಕೋಣೆ ಬಹಳ ತಣ್ಣಗಿರುತ್ತಿತ್ತು. ಎಚ್ಚರವಾಗಿದ್ದನೆಂದು ಗೊತ್ತಿರಲಿಲ್ಲ.


ಮಾರ್ಚ್ 16, ಶನಿವಾರ

ಮಧ್ಯಾಹ್ನ ಊಟವಾದ ಮೇಲೆ ನಿಜವಾದ ಹಾಳೆಯನ್ನು ಅವಳ ಮುಂದಿಟ್ಟೆ. ಬಹಳ ಹೊತ್ತು ಓದಿದಳು.

"ಇದು ವಿತೆಕ್," ಅಂದಳು.

ಎದುರಿಗೆ ಕುರ್ಚಿ ಎಳೆದು ಕೂತೆ. ಬರೆದು ಕೊಡಬಹುದಿತ್ತು. ಬರೆದು ಕೊಟ್ಟರೆ ಅವಳು ಓದುವಾಗ ನಾನು ಕಿಟಕಿ ಕಡೆ ನೋಡುತ್ತಿದ್ದೆ.

"ಲುದ್ವಿಕಾ. ನೋಟ್‌ಬುಕ್ಕು ಪ್ರವಾಹಕ್ಕೆ ಹೋಗ್ಲಿಲ್ಲ."

"ಯಾರು ಎಲ್ಲಿಗೆ ಹೋಗ್ಲಿಲ್ಲ?"

"ನೋಟ್‌ಬುಕ್ಕು! ನೀಲೀದು! ನಾನು ಒಲೆಗೆ ಹಾಕ್ದೆ!"

"ಒಲೆಗೆ ಬೆಳಗ್ಗೆನೇ ಕಲ್ಲಿದ್ದಲು ಹಾಕಿದೀನಿ. ಚಳಿ ಆಗ್ತಿದ್ಯಾ?"

"ನಾನು ಸುಟ್ಟೆ!" ಎದ್ದು ನಿಂತುಬಿಟ್ಟಿದ್ದೆ. "ಸುಟ್ಟೆ! ನಾನೇ ಸುಟ್ಟೆ! ಪೂರ್ತಿ ಸುಟ್ಟುಹಾಕ್ದೆ!"

ಮೆಟ್ಟಿಲ ಮೇಲೆ ದಡದಡ ಸದ್ದು. ಮೇಲಿನ ಮನೆಯ ಪಾನಿ ಚೆಸ್ವಾವಾ ಕೈಯಲ್ಲಿ ಬಕೆಟ್ಟು ಹಿಡಿದು, ತಲೆಗೆ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಏನ್ ಸುಡ್ತಿದೆ? ಎಲ್ಲಿ? ಫೈರ್ ಎಂಜಿನ್ನವ್ರನ್ನ ಕರೀಲಾ?"

ಲುದ್ವಿಕಾ ನನ್ನ ಬಾಯಿಂದ ಕಣ್ಣು ಕೀಳಲಿಲ್ಲ. ಅವಳಿಗೆ ತಿಳಿದಿತ್ತು. ಮುಖದಿಂದ ಏನೋ ಇಳಿದು ಹೋದಂತಿತ್ತು.

"ಏನೂ ಇಲ್ಲ ಚೆಸ್ಯಾ," ಅಂದಳು, ಅತ್ತ ತಿರುಗದೆ. "ಹಳೇ ಬೆಂಕಿ. ಇಪ್ಪತ್ತೆರಡು ವರ್ಷ ಆಯ್ತು. ನೀನು ಹೋಗು, ತಲೆ ಒಣಗಿಸ್ಕೋ."

ಆಮೇಲೆ ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟಳು. ಬಟ್ಟೆ ಚೀಲಕ್ಕೆ ತುಂಬಿದಳು. ಎರಡೂ ಇಪ್ಪತ್ತರ ಗಾಡಿಗೆ ಪೊಲಾನಿತ್ಸಾಕ್ಕೆ, ತಂಗಿಯ ಮನೆಗೆ ಹೋದಳು. ಚೀಲ ಹೊರಲು ಹೋದೆ. ಬಿಡಲಿಲ್ಲ.


ಮಾರ್ಚ್ 17, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಆಲೂಗಡ್ಡೆ ಬೇಯಿಸಿದೆ.


ಮಾರ್ಚ್ 19, ಮಂಗಳವಾರ

ಏಳನೆಯ ಹಾಡು, ಎಂಟು ಸಾಲು. ಯಾರೂ ಕೇಳಿಲ್ಲ, ಆದರೂ ಮಾಡುತ್ತಿದ್ದೇನೆ.


ಮಾರ್ಚ್ 21, ಗುರುವಾರ

ಅವಳ ಯಂತ್ರ ಮೇಜಿನ ಮೇಲೆಯೇ ಇದೆ. ಬ್ಯಾಟರಿ ಹಾಳಾಗಬಾರದೆಂದು ಅದರ ಬಾಗಿಲು ತೆರೆದಿಟ್ಟೆ. ಏಳನೆಯದು ಮುಗಿಯಿತು, ಒಂದು ಪದ ಬಿಟ್ಟು. ನಾಲ್ಕು ನೂರು ಸಲ ಕೇಳಿರಬೇಕು. 'ಬಾಗಿಲು' ಎಂದು ಹಾಕಿದರೆ ಸಾಲು ಚೆನ್ನಾಗಿ ಕೂರುತ್ತದೆ. ಆದರೆ ಅವನು ಅನ್ನುತ್ತಿರುವುದು ಬಾಗಿಲು ಅಲ್ಲ. ಖಾಲಿ ಬಿಟ್ಟೆ.


ಮಾರ್ಚ್ 24, ಭಾನುವಾರ

ಝೆಮೆಕ್ ಹಾಳೆ ಕೇಳಿಕೊಂಡು ಬಂದ. ಕೊಡುವ ಮುಂಚೆ ಅವನಿಗೂ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭ ಅಂದುಕೊಂಡಿದ್ದೆ. ಅಲ್ಲ.

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಒಂಬತ್ತು ಹಾಡು ಪಾನ್ ಬ್ರೊನೆಕ್."

"ಹೌದು."

"ಅದು ಇದ್ದಿದ್ರೆ ತಂಡ ಉಳೀತಿತ್ತು. ತಂಡ ಉಳಿದಿದ್ರೆ ಅವನು ಆ ದಿನ ಆ ರಸ್ತೇಲಿ..." ಅಲ್ಲಿಗೆ ತಾನೇ ನಿಲ್ಲಿಸಿದ. "ಇಲ್ಲ. ಅದು ಸುಳ್ಳು ಲೆಕ್ಕ. ಅಲ್ಲಿಗೆ ಹೋಗಲ್ಲ ನಾನು."

ನಾನು ಆ ರಸ್ತೆಯಲ್ಲಿ ಎಷ್ಟು ಸಲ ಹೋಗಿ ಬಂದಿದ್ದೇನೆಂದು ಅವನಿಗೆ ಹೇಳಲಿಲ್ಲ.

"ನಿಮ್ಮ ಬಾಯಿಗೆ ಒಂದು ಗುದ್ದಬೇಕು ಅನ್ಸತ್ತೆ," ಅಂದ. "ಆದ್ರೆ ಅಲ್ಲಿರೋ ಹಲ್ಲು ನಾನೇ ಮಾಡಿದ್ದು. ಮತ್ತೆ ನಾನೇ ಮಾಡ್ಬೇಕಾಗತ್ತೆ."

ಹಾಳೆಗಳನ್ನು ತೆಗೆದುಕೊಂಡ. ಆರನೆಯದನ್ನು ನಿಂತೇ ಓದಿದ. "ಇದನ್ನ ಹಾಗೇ ಅಚ್ಚು ಹಾಕ್ಸೋದಾ?"

"ಒಂದಕ್ಷರ ಬದಲಾಯಿಸ್ಬೇಡ."

"ಊರಲ್ಲಿ ಓದಿದವ್ರಿಗೆಲ್ಲ ಗೊತ್ತಾಗತ್ತೆ, ಯಾರ ಮೇಲೆ ಅಂತ."

"ಗೊತ್ತಾಗ್ಲಿ. ಆರನೇದು ಇಲ್ಲೇ ಇರ್ಲಿ, ಲುದ್ವಿಕಾ ಬಂದು ಒಂದ್ಸಲ ನೋಡ್ಲಿ, ಆಮೇಲೆ ಕಳಿಸು."

ಬಾಗಿಲಲ್ಲಿ ನಿಂತು, ಊಟ ಏನು ಮಾಡ್ಕೊಳ್ತಿದೀರಿ ಅಂತ ಕೇಳಿದ. ಆಲೂಗಡ್ಡೆ ಅಂದೆ. ಸಾಯಂಕಾಲ ಅವನ ಹೆಂಡತಿ ಒಂದು ಡಬ್ಬಿ ಎಲೆಕೋಸಿನ ಪಲ್ಯ ಕೊಟ್ಟು, ಒಂದು ಮಾತೂ ಆಡದೆ ಹೋದಳು.


ಮಾರ್ಚ್ 30, ಶನಿವಾರ

ಹತ್ತೂ ನಲವತ್ತರ ಗಾಡಿಗೆ ಬಂದಳು. ಕೋಟು ಬಿಚ್ಚಲಿಲ್ಲ. ಮೇಜಿನ ಮುಂದೆ ಕೂತು ಯಂತ್ರ ಕಿವಿಗೆ ಹಾಕಿಕೊಂಡಳು.

"ಆರನೇ ಹಾಡಿನ ಹಾಳೆ ಕೊಡು."

ಕೊಟ್ಟೆ. ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು.

"ನನ್ನ ನಗು ನಿಂತಿದ್ದು ನಿನ್ನಿಂದ ಅಲ್ಲ. ನೀನು ಬಂದ ವರ್ಷ ನನ್ನ ಮುಂದಿನ ಎರಡು ಹಲ್ಲು ಹೋಯ್ತು. ಹೊಸ ಗಂಡ, ಬೊಚ್ಚು ಬಾಯಿ. ಬಾಯಿ ಮುಚ್ಕೊಂಡು ಒಳಗೊಳಗೇ ನಗ್ತಿದ್ದೆ. ಒಂಬತ್ತು ವರ್ಷದ ಮಗೂಗೆ ಹೇಗೆ ತಿಳೀಬೇಕು?"

"ತಿದ್ದೋಣ್ವಾ?" ಎಂದು ಕೂಗಿದೆ.

"ಯಾಕೆ ತಿದ್ದೋದು? ಅವನ ಕಣ್ಣಿಗೆ ಕಂಡಿದ್ದು ಅದು. ಹಾಗೇ ಇರ್ಲಿ." ಸ್ವಲ್ಪ ತಡೆದು, "ಹಲ್ಲಿಗೆ ನೀನು ಕಾರಣ ಅಲ್ಲ. ನೋಟ್‌ಬುಕ್ಕಿಗೆ ನೀನೇ. ಎರಡನ್ನೂ ಬೇರೆ ಬೇರೆ ಇಟ್ಕೋ," ಅಂದಳು.

ತಲೆಯಾಡಿಸಿದೆ.

"ಹದಿನೈದು ದಿನ ಯೋಚ್ನೆ ಮಾಡ್ದೆ. ಅವನು ನನ್ನ ಹತ್ರ ಸುಳ್ಳು ಹೇಳಿದ್ದು ಅದೊಂದೇ. ನಾನು ನಿನ್ನನ್ನ ಬಿಟ್ಟು ಹೋಗ್ತೀನಿ ಅಂತ ಹೆದರಿದ್ನೋ ಏನೋ. ಒಬ್ಬ ಹೋಗಿದ್ನಲ್ಲ ಆಗಲೇ." ಕೋಟಿನ ಗುಂಡಿ ಬಿಚ್ಚತೊಡಗಿದಳು. "ಒಲೆಗೆ ಹಾಕೋ ಮುಂಚೆ ಓದಿದ್ಯಾ?"

"ಒಂದು ಪುಟ. ಕಣ್ಣು ಬಿತ್ತು ಅಷ್ಟೇ."

ಅವಳಿಗೆ ಕೇಳಿಸಲಿಲ್ಲ. ಒಂದು ಬೆರಳು ಎತ್ತಿ ತೋರಿಸಿದೆ.

"ಆ ಪುಟ ನೋಡಿದವ್ರು ಈ ಪ್ರಪಂಚದಲ್ಲಿ ಇನ್ಯಾರೂ ಇಲ್ಲ," ಅಂದಳು. ಒಂದು ಖಾಲಿ ಹಾಳೆ ನನ್ನ ಮುಂದಿಟ್ಟು ಪೆನ್ನು ಕೊಟ್ಟಳು. "ಬರಿ."

ಹನ್ನೊಂದರಿಂದ ಎರಡು ಗಂಟೆಯವರೆಗೆ ಕೂತಿದ್ದೆ. ಆ ಸುಟ್ಟ ಪುಟದ ಮೇಲಿನ ಮೂಲೆಯಲ್ಲಿ ತಲೆಕೆಳಗಾದ ಶಿಲುಬೆ ಇತ್ತು, ನಮ್ಮ ಕೋಪಕ್ಕೆ ಬೇಕಾದದ್ದೇ ನಮಗೆ ಮೊದಲು ಕಾಣುವುದು. ಅದರ ಕೆಳಗೆ ಸಣ್ಣ ಅಕ್ಷರ, ಬಲಕ್ಕೆ ವಾಲಿದ್ದು. ಕೊನೆಗೆ ಇಷ್ಟು ಬರೆದೆ:

*ಅಮ್ಮನ ಹೆಜ್ಜೆ ಹಿಮದಲ್ಲಿ ______ ಹಾಗೆ*
*ಕಾಗೆ ______*

"ಹಿಮದಲ್ಲಿ ಏನ್ ಹಾಗೆ?"

"ನೆನಪಿಲ್ಲ."

"ಸುಮ್ನೆ ಏನೋ ತುಂಬ್ಬೇಡ."

"ಇಲ್ಲ."

ಹಾಳೆಯನ್ನು ಎರಡು ಸಲ ಓದಿದಳು, ತುಟಿ ಅಲ್ಲಾಡಿಸುತ್ತ. ಆಮೇಲೆ ಎದ್ದು ಸೂಪಿಗೆ ನೀರಿಟ್ಟಳು. ಒಬ್ಬರಿಗೋ ಇಬ್ಬರಿಗೋ ಎಂದು ನೋಡುತ್ತಿದ್ದೆ. ಇಬ್ಬರಿಗೆ.


ಏಪ್ರಿಲ್ 19, ಶುಭ ಶುಕ್ರವಾರ

ಬಹಳ ದಿನದಿಂದ ಬರೆದಿಲ್ಲ. ಏಳೂ ಹಾಡು ಕ್ರಾಕುಫ್‌ಗೆ ಹೋದವು. ಏಳನೆಯದರ ಆ ಪದ ಲುದ್ವಿಕಾಳಿಗೂ ಹೊಳೆಯಲಿಲ್ಲ. ಅಲ್ಲಿ ಗೆರೆ ಎಳೆದು ಖಾಲಿಯೇ ಅಚ್ಚು ಹಾಕುತ್ತಾರಂತೆ.

ಮನೆಯಲ್ಲಿ ಮಾತು ಕಡಿಮೆ. ಅವಳು ಹಿಂದಿನ ಕೋಣೆಯಲ್ಲಿ ಮಲಗುತ್ತಾಳೆ. ವಿದ್ಯುತ್ ಬಿಲ್ಲು, ಔಷಧಿ, ಚೆಸ್ಯಾಳ ಮೊಮ್ಮಗಳ ಮದುವೆ, ಇಂಥದಕ್ಕೆಲ್ಲ ಯಂತ್ರ ತೆಗೆದಿಟ್ಟುಬಿಡುತ್ತಾಳೆ. ಮಧ್ಯಾಹ್ನ ಸೂಪು ಕುಡಿದಾದ ಮೇಲೆ ಮಾತ್ರ ಅದನ್ನು ಹಾಕಿಕೊಂಡು, ಎರಡು ಸಾಲಿನ ಆ ಹಾಳೆಯನ್ನು ನನ್ನ ಮುಂದಿಟ್ಟು ಎದುರಿಗೆ ಕೂರುತ್ತಾಳೆ. ಅರ್ಧ ಗಂಟೆ. ಬಹಳ ದಿನ ಏನೂ ಬರುವುದಿಲ್ಲ. ಇಲ್ಲ ಎಂದು ತಲೆಯಾಡಿಸುತ್ತೇನೆ, ಅವಳು ಹಾಳೆ ಎತ್ತಿಡುತ್ತಾಳೆ.

ಇವತ್ತು ಈಸ್ಟರ್ ಬುಟ್ಟಿಗೆ ಮೊಟ್ಟೆ ಬಣ್ಣ ಹಾಕುತ್ತಿದ್ದೆವು. ಅವಳು ಈರುಳ್ಳಿ ಸಿಪ್ಪೆಯಲ್ಲಿ ಕುದಿಸಿ ಕೊಟ್ಟದ್ದನ್ನು ನಾನು ಸೂಜಿಯಿಂದ ಕೆರೆಯುತ್ತಿದ್ದೆ. ಕಂದು ಬಣ್ಣದ ಮೇಲೆ ಬಿಳಿಯ ಚಿಕ್ಕ ಚಿಕ್ಕ ಗೀಟು, ಒಂದರ ಹಿಂದೊಂದು. ಕೈ ನಿಂತಿತು.

"ಹೊಲಿಗೆ," ಎಂದೆ.

ಅವಳಿಗೆ ತುಟಿಯಿಂದಲೇ ತಿಳಿಯಿತು. ಒದ್ದೆ ಕೈ ಒರೆಸಿಕೊಂಡು ಹೋಗಿ ಹಾಳೆ ತಂದಳು.

*ಅಮ್ಮನ ಹೆಜ್ಜೆ ಹಿಮದಲ್ಲಿ ಹೊಲಿಗೆಯ ಹಾಗೆ.*

"ಆದ್ರೆ ನೋಡು," ಒಂದೊಂದೇ ಪದ ಕೂಗಿ ಹೇಳಿದೆ, "ಇದು ಮಗ ಬರೆದಿದ್ದೋ, ಈಗ ನನಗೆ ಹೊಳೆದಿದ್ದೋ, ಗೊತ್ತಿಲ್ಲ. ಆಣೆ ಮಾಡಿ ಹೇಳಕ್ಕಾಗಲ್ಲ."

ಅವಳು ನನ್ನನ್ನು ನೋಡಿದಳು. ಪೆನ್ನನ್ನು ಪಕ್ಕಕ್ಕಿಟ್ಟು ಪೆನ್ಸಿಲ್ ತೆಗೆದುಕೊಂಡು, ಖಾಲಿ ಜಾಗದಲ್ಲಿ ಆ ಪದವನ್ನು ತೆಳ್ಳಗೆ ಬರೆದು, ಅದರ ಮೇಲೊಂದು ಸಣ್ಣ ಪ್ರಶ್ನೆಚಿಹ್ನೆ ಹಾಕಿದಳು.

ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೇಳಿದಳು:

"ಕಾಗೆ ಏನ್ಮಾಡ್ತು?"